ಯಾರ ಪ್ರತಿಬಿಂಬ ನಾವು?



ಪುಷ್ಯಮಾಸದ ಅಮಾವಾಸ್ಯೆ ಶ್ರೀ ಪುರಂದರದಾಸರ ಆರಾಧನೆಯ ಪುಣ್ಯದಿನ. 1564ರಲ್ಲಿ ಹರಿಪಾದವನ್ನು ಸೇರಿದ ಆ ಮಹಾನುಭಾವರನ್ನು ವರ್ಷಕ್ಕೊಮ್ಮೆ ಸ್ಮರಿಸಿ, ನಗರಸಂಕೀರ್ತನೆ ಮಾಡಿ, ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಮನೆಗೆ ಮರಳುತ್ತೇವೆ. ಸಿರಿವಂತ ವರ್ತಕರೊಬ್ಬರು ತಮ್ಮ ಸಂಪತ್ತನ್ನೆಲ್ಲ ಕೃಷ್ಣಾರ್ಪಣವೆಂದು ತೊರೆದು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು ಬೀದಿಗಿಳಿದಾಗ ಅವರ ಸರೀಕರು ಏನೆಂದಿರಬಹುದು ಎಂಬುದನ್ನು ಮಾತ್ರ ನಾವು ಯೋಚಿಸುವುದು ಕಡಮೆ. ಮೆಚ್ಚಿದವರಿಗಿಂತ ನಕ್ಕವರೇ ಹೆಚ್ಚಾಗಿದ್ದಿರಬೇಕು. ‘ನಾಲ್ಕು ಜನ ಏನೆನ್ನುವರೋ’ ಎಂದು ದಾಸರು ಅಂದು ಹಿಂಜರಿದಿದ್ದರೆ ನಮಗೆ ಇಂದು ಆರಾಧನೆಯೂ ಇಲ್ಲ, ಅವರ ದೇವರನಾಮಗಳೂ ಇಲ್ಲ. ಈ ‘ನಾಲ್ಕು ಜನ’ರ ವಿಷಯವಾಗಿಯೇ ಎರಡು ಮಾತುಗಳನ್ನು ಇಲ್ಲಿ ನಿವೇದಿಸಿಕೊಳ್ಳಬಯಸುತ್ತೇವೆ.

ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆ ಐದರಲ್ಲಿ ಜೀವ-ಜೀವರ ಭೇದವೆಂಬುದರ ಮೇಲೆ ಕೊಂಚ ನಿಲ್ಲೋಣ. ಒಂದು ಜೀವದಂತೆ ಮತ್ತೊಂದು ಜೀವವಿಲ್ಲ. ಇದು ಊರು, ಉಡುಪು, ಸಂಪತ್ತುಗಳಿಂದ ಬಂದ ಭೇದವಲ್ಲ. ಸ್ವರೂಪದಲ್ಲಿಯೇ ಇರುವ, ಮೋಕ್ಷದಲ್ಲಿಯೂ ಅಳಿಯದ ಭೇದ. ಮುಕ್ತರ ಆನಂದದಲ್ಲಿಯೂ ತಾರತಮ್ಯವುಂಟು. ಆದರೂ ಅಲ್ಲಿ ಅಸೂಯೆಗೆ ಎಡೆಯಿಲ್ಲ. ತಂಬಿಗೆ, ಕೊಡ, ಹಂಡೆಗಳು ತಮ್ಮ ತಮ್ಮ ಅಳತೆಗೆ ತುಂಬಿ ನಿಂತಾಗ ತಂಬಿಗೆಗೆ ಕೊರತೆಯೆಲ್ಲಿ? ತನ್ನ ಅಳತೆಯನ್ನು ಮರೆತು ಹಂಡೆಯಾಗಹೊರಟಾಗ ಮಾತ್ರ ಅದಕ್ಕೆ ದುಃಖ.

ಇನ್ನೂ ಒಂದು ಪ್ರಮೇಯವನ್ನು ನೆನೆಯಬೇಕು. ಪ್ರತಿಯೊಂದು ಜೀವದ ಒಳಗೂ ಶ್ರೀಹರಿಯು ಬಿಂಬರೂಪದಿಂದ ನೆಲೆಸಿದ್ದಾನೆ. ಜೀವನು ಅವನ ಪ್ರತಿಬಿಂಬ. ಪ್ರತಿಬಿಂಬವೆಂದರೆ ಕನ್ನಡಿಯೊಳಗಿನ ನೆರಳೆಂದು ತಿಳಿಯಬಾರದು. ಬಿಂಬನ ಅಧೀನನಾಗಿದ್ದು, ಬಿಂಬನಿಗೆ ಕಿಂಚಿತ್ ಸದೃಶನಾಗಿರುವುದೇ ಪ್ರತಿಬಿಂಬತ್ವ. ಹೀಗೆ ಹರಿಗೆ ಪ್ರತಿಬಿಂಬರಾಗಬೇಕಾದ ನಾವು ಇಂದು ಪಕ್ಕದ ಮನೆಯವರಿಗೆ ಪ್ರತಿಬಿಂಬರಾಗಹೊರಟಿದ್ದೇವೆ.

ಹಿಂದೆಯೂ ಈ ದೌರ್ಬಲ್ಯವಿತ್ತು. ಆದರೆ ಆಗ ಪಕ್ಕದ ಮನೆ ಒಂದೇ ಇತ್ತು. ಈಗ ಅಂಗೈಯಗಲದ ಯಂತ್ರದಲ್ಲಿ ಲಕ್ಷ ಮನೆಗಳು. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯ ಗುಂಡಿ ಬಂದಿತು. 2010ರಲ್ಲಿ ಇನ್‌ಸ್ಟಾಗ್ರಾಮ್ ಬಂದಿತು. ಇಂತಹ ತಾಣಗಳ ಕ್ರಮ ಸರಳವಾದದ್ದು. ಹೆಚ್ಚು ಜನ ಕಣ್ಣಿಟ್ಟು ನೋಡಿದ ಚಿತ್ರವನ್ನೇ ಅವು ಇನ್ನಷ್ಟು ಜನರ ಮುಂದೆ ತಂದಿಡುತ್ತವೆ. ಅದನ್ನು ಕಂಡವರು ತಾವೂ ಕಾಣಿಸಿಕೊಳ್ಳಬೇಕೆಂಬ ಆಸೆಯಿಂದ ಅದೇ ಬಣ್ಣ, ಅದೇ ಹಾಡು, ಅದೇ ಭಂಗಿಯನ್ನು ಅನುಕರಿಸುತ್ತಾರೆ. ‘ನಾನು ಬೇರೆ’ ಎಂದು ತೋರಿಸಲು ಹೊರಟ ಸಾವಿರ ಮಂದಿ ಕಡೆಗೆ ಒಂದೇ ಅಚ್ಚಿನಲ್ಲಿ ಎರೆದ ಬೊಂಬೆಗಳಾಗುತ್ತಾರೆ.

ಇದನ್ನು ಪರರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವ ಅಧಿಕಾರ ನಮಗಿಲ್ಲ. ಕೆಲವು ವರ್ಷಗಳ ಹಿಂದೆ ಪರಿಚಿತ ಮನೆತನವೊಂದರ ವಿವಾಹದಲ್ಲಿ ನಾವು ಪೌರೋಹಿತ್ಯ ವಹಿಸಿದ್ದೆವು. ಅರಿಶಿನ ಹಚ್ಚಿ, ಸುರಿಗೆ ಸುತ್ತಿ ನೀರೆರೆಯುವ ಸಂಪ್ರದಾಯ ಆ ಮನೆಯಲ್ಲಿ ಮೊದಲಿನಿಂದಲೂ ಉಂಟು. ಆದರೆ ಆ ಸಲ ಅದು ‘ಹಲ್ದಿ’ ಎಂಬ ಹೆಸರನ್ನು ಹೊತ್ತು, ಬಂದವರೆಲ್ಲರೂ ಒಂದೇ ಹಳದಿ ಬಣ್ಣದ ಉಡುಪಿನಲ್ಲಿರಬೇಕೆಂಬ ಕಟ್ಟಳೆಯೊಡನೆ ಬಂದಿತು. ಉತ್ತರದೇಶದವರಿಗೆ ಅದು ಅವರ ಮನೆಯ ಆಚಾರ, ಅಲ್ಲಿ ಅದಕ್ಕೆ ಗೌರವವುಂಟು. ಇಲ್ಲಿಗೆ ಅದು ಕೇವಲ ಚಿತ್ರವಾಗಿ ಬಂದಿತ್ತು.

ವಧುವಿನ ಅಜ್ಜಿ ವಿಜಯಪುರದ ಕಡೆಯವರು. ತಮ್ಮ ಮದುವೆಯಲ್ಲಿ ಉಟ್ಟಿದ್ದ ಇಳಕಲ್ಲ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟು ಬಂದಿದ್ದರು. ಆ ಸೀರೆಯ ಗುಣವನ್ನು ಬಲ್ಲವರು ಬಲ್ಲರು. ನೇಕಾರನು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಹೂಡಿ, ಎಳೆಗೆ ಎಳೆಯನ್ನು ಕೊಂಡಿಹಾಕಿ ಕೂಡಿಸಬೇಕು. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಗಳು ಮೂಡುವ ಆ ಸೆರಗಿನ ಹಿಂದೆ ಇಡೀ ಮನೆಯವರ ದುಡಿಮೆಯಿರುತ್ತದೆ. ಐವತ್ತು ವರ್ಷ ಕಳೆದರೂ ಆ ಸೆರಗು ಮಾಸಿರಲಿಲ್ಲ. ಆದರೆ ಅಂದಿನ ಬಣ್ಣಕ್ಕೆ ಹೊಂದುವುದಿಲ್ಲವೆಂದು ಅಜ್ಜಿಯನ್ನು ಹಿಂದಿನ ಸಾಲಿನಲ್ಲಿ ಕುಳ್ಳಿರಿಸಿದರು. ಒಂದೇ ದಿನಕ್ಕೆಂದು ಕೊಂಡ ಹಳದಿ ಬಟ್ಟೆಗಳು ಸಂಜೆಯ ಹೊತ್ತಿಗೆ ಕೋಣೆಯ ಮೂಲೆಯಲ್ಲಿ ರಾಶಿಬಿದ್ದಿದ್ದವು.

ಮರುದಿನ ಸುಮುಹೂರ್ತದಲ್ಲಿ ಮಾಂಗಲ್ಯಧಾರಣೆ ನೆರವೇರಿತು. ಆಗ ಛಾಯಾಗ್ರಾಹಕರು ಮುಂದೆ ಬಂದು, ಯಾರದೋ ಕೈ ಅಡ್ಡಬಂದಿತೆಂದೂ, ವರನು ಇನ್ನೊಮ್ಮೆ ಕಟ್ಟುವಂತೆ ಕೈಯೆತ್ತಬೇಕೆಂದೂ ಕೇಳಿದರು. ಆಗುವುದಿಲ್ಲವೆಂದು ಹೇಳಬೇಕಾದವರು ನಾವು. ಮನೆಯವರು ಬೇಸರಗೊಂಡಾರೆಂಬ ಅಳುಕಿನಿಂದ, ಮುಂದಿನ ಕಾರ್ಯಕ್ಕೆ ಬೇರೆ ಪುರೋಹಿತರನ್ನು ಕರೆದಾರೆಂಬ ಭಯದಿಂದ, ನಾವು ಸುಮ್ಮನಿದ್ದೆವು. ಮುಹೂರ್ತ ಕಳೆದಿತ್ತು, ವಾದ್ಯ ಮತ್ತೆ ಮೊಳಗಿತು, ವರನು ಮತ್ತೆ ಕೈಯೆತ್ತಿದನು. ಹಿಂದಿನ ಸಾಲಿನಿಂದ ಅಜ್ಜಿಯ ಧ್ವನಿ ಕೇಳಿಸಿತು: “ದೇವರು ಮೊದಲನೆಯ ಸಲವೇ ನೋಡಿದ್ದನಲ್ಲಪ್ಪ.”

ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕುಳಿತು ಕಲಿತುದನ್ನು ಆ ವೃದ್ಧೆ ಒಂದೇ ವಾಕ್ಯದಲ್ಲಿ ನಮಗೆ ಮರಳಿ ಕಲಿಸಿದರು.

ಶ್ರೀ ಕನಕದಾಸರ ಬಾಳೆಹಣ್ಣಿನ ಕಥೆಯನ್ನು ಅರಿಯದವರಿಲ್ಲ. ಯಾರೂ ಕಾಣದ ಸ್ಥಳದಲ್ಲಿ ತಿನ್ನಿರೆಂದು ಶ್ರೀ ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರಂತೆ. ಎಲ್ಲರೂ ಒಂದೊಂದು ಮರೆಯನ್ನು ಹುಡುಕಿ ತಿಂದು ಬಂದರು. ಕನಕದಾಸರು ಮಾತ್ರ ಹಣ್ಣನ್ನು ಕೈಯಲ್ಲಿ ಹಿಡಿದೇ ಮರಳಿದರು. ಹರಿಯು ಕಾಣದ ಸ್ಥಳ ಅವರಿಗೆ ಸಿಕ್ಕಲಿಲ್ಲ. ಆ ಗುಂಪಿನಲ್ಲಿ ಅವರೊಬ್ಬರೇ ಬೇರೆಯಾಗಿ ನಿಂತದ್ದು ಬೇರೆಯಾಗಿ ಕಾಣಬೇಕೆಂಬ ಹಂಬಲದಿಂದಲ್ಲ. ತಮ್ಮ ಅನುಭವಕ್ಕೆ ಸತ್ಯರಾಗಿದ್ದುದರಿಂದ. ಅಂದಿನ ಶಿಷ್ಯರು ಯಾರೂ ನೋಡಬಾರದೆಂದು ಮರೆಯನ್ನು ಹುಡುಕಿದರು. ಇಂದು ನಾವು ಎಲ್ಲರೂ ನೋಡಬೇಕೆಂದು ಬೆಳಕನ್ನು ಹುಡುಕುತ್ತೇವೆ. ಸದಾ ನೋಡುತ್ತಿರುವವನನ್ನು ಮರೆತದ್ದು ಎರಡು ಕಡೆಯೂ ಒಂದೇ. ಸತ್ಕಾರ, ಮನ್ನಣೆಗಳಿಗಾಗಿ ಡಂಭದಿಂದ ಮಾಡಿದ ತಪಸ್ಸು ರಾಜಸವೆಂದೂ, ಅದು ಚಂಚಲ, ಅಸ್ಥಿರವೆಂದೂ ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಹೇಳಿದ್ದಾನೆ. ತಪಸ್ಸಿಗೇ ಈ ಗತಿಯಾದರೆ ಬಟ್ಟೆಬರೆಯ ಮಾತೇನು?

ಇಲ್ಲಿ ಯುವಕರು ಒಂದು ಪ್ರಶ್ನೆಯನ್ನು ಕೇಳಬಹುದು: “ಮಾಧ್ವರೆಲ್ಲರೂ ಒಂದೇ ನಾಮ, ಒಂದೇ ಮುದ್ರೆ ಧರಿಸುವುದಿಲ್ಲವೇ? ಅದೂ ಗುಂಪಿನ ಅನುಕರಣೆಯಲ್ಲವೇ?” ಪ್ರಶ್ನೆ ನ್ಯಾಯವಾದದ್ದೇ. ಬಿ.ಎ. ಓದುವಾಗ ನಾವೇ ಕಾಲೇಜಿನ ಬಾಗಿಲ ಬಳಿ ಗೋಪೀಚಂದನವನ್ನು ಕರವಸ್ತ್ರದಿಂದ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆವು. ಈಗ ಚಿತ್ರ ತೆಗೆಸುವ ದಿನ ಅದನ್ನು ಎರಡು ಪಟ್ಟು ದಪ್ಪವಾಗಿ ಹಚ್ಚುವವರನ್ನು ಕಾಣುತ್ತೇವೆ. ಒರೆಸಿಕೊಂಡವನೂ ಜನರಿಗಾಗಿ ಒರೆಸಿಕೊಂಡ; ತೀಡಿದವನೂ ಜನರಿಗಾಗಿ ತೀಡಿದ. ನಾಮವು ಹರಿಯ ದಾಸನೆಂಬ ಗುರುತು. ಅದು ಜನರ ಕಣ್ಣಿಗಾದಾಗ ಮಾತ್ರ ವೇಷವಾಗುತ್ತದೆ.

ಹಾಗೆಂದು ‘ನನ್ನ ಇಷ್ಟವೇ ನನ್ನ ಧರ್ಮ’ ಎಂಬ ಸ್ವೇಚ್ಛೆಯೂ ನಮ್ಮ ಸಿದ್ಧಾಂತವಲ್ಲ. ಜೀವನು ಭಿನ್ನನು, ಆದರೆ ಸ್ವತಂತ್ರನಲ್ಲ. ಈ ಸೂಕ್ಷ್ಮವನ್ನು ದಾಸರ ಅಂಕಿತಗಳಲ್ಲಿ ಕಾಣಬೇಕು. ಪುರಂದರ ವಿಠಲ, ಕಾಗಿನೆಲೆಯಾದಿಕೇಶವ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ: ಒಬ್ಬರ ಅಂಕಿತ ಇನ್ನೊಬ್ಬರದಲ್ಲ, ಒಬ್ಬರ ಶೈಲಿ ಇನ್ನೊಬ್ಬರದಲ್ಲ. ಆದರೆ ಯಾವ ಅಂಕಿತವೂ ದಾಸರ ಸ್ವಂತ ಪ್ರತಿಷ್ಠೆಗೆ ಇಟ್ಟ ಹೆಸರಲ್ಲ. ಎಲ್ಲವೂ ಹರಿಯ ಹೆಸರೇ. ತನ್ನತನವನ್ನು ಉಳಿಸಿಕೊಂಡೂ ‘ನಾನು’ ಎಂಬುದನ್ನು ಅಳಿಸಿಕೊಳ್ಳುವ ದಾರಿ ಅದು.

ಆದುದರಿಂದ ಮಾತೆಯರಲ್ಲಿ, ತರುಣ ತರುಣಿಯರಲ್ಲಿ ನಮ್ಮ ಬಿನ್ನಹವಿಷ್ಟೇ. ಮೊಬೈಲನ್ನು ಎಸೆಯಿರೆಂದು ನಾವು ಹೇಳುವುದಿಲ್ಲ. ನಮ್ಮ ದೇವಾಲಯದ ಪ್ರವಚನಗಳೂ ಅದರ ಮೂಲಕವೇ ದೂರದೇಶದ ಬಂಧುಗಳನ್ನು ತಲಪುತ್ತವೆ. ಏನನ್ನಾದರೂ ಕೊಳ್ಳುವಾಗ, ಉಡುವಾಗ, ಹಬ್ಬ ಮಾಡುವಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಯಾರೂ ನೋಡದಿದ್ದರೂ ನಾನು ಇದನ್ನು ಮಾಡುತ್ತಿದ್ದೆನೇ? ಹೌದೆಂದು ಅಂತರಂಗ ಒಪ್ಪಿದರೆ ಸಂತೋಷದಿಂದ ಮಾಡಿ. ಹತ್ತು ಬಟ್ಟೆಯ ಬದಲು ಬಾಳುವ ಒಂದನ್ನು ಕೊಳ್ಳಿ. ಮಗುವಿಗೆ ವೀಣೆ ಒಲಿದರೆ ವೀಣೆ, ಲೆಕ್ಕ ಒಲಿದರೆ ಲೆಕ್ಕ; ಪಕ್ಕದ ಮನೆಯ ಮಗುವಿನ ಅಳತೆಯನ್ನು ಅದಕ್ಕೆ ಹೊಲಿಯಬೇಡಿ. ಮನೆಯಲ್ಲಿ ಅಜ್ಜಿಯಿದ್ದರೆ ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ.

ನಾವೂ ಆ ಮದುವೆಯ ತರುವಾಯ ಒಂದು ನಿಯಮವನ್ನು ಇಟ್ಟುಕೊಂಡಿದ್ದೇವೆ. ಮಾಂಗಲ್ಯಧಾರಣೆ ಒಂದೇ ಸಲ. ಇದರಿಂದ ಒಂದೆರಡು ಮನೆಗಳು ತಪ್ಪಿಹೋದುದೂ ಉಂಟು. ಅದಕ್ಕಾಗಿ ಚಿಂತೆಯಿಲ್ಲ. ನೋಡಬೇಕಾದವನು ಮೊದಲನೆಯ ಸಲವೇ ನೋಡಿರುತ್ತಾನೆ.

ಬಿಂಬರೂಪಿಯಾದ ಆ ಸ್ವಾಮಿಯು ನಮ್ಮೆಲ್ಲರಿಗೂ ಅವರವರ ಯೋಗ್ಯತೆಯನ್ನರಿತು ನಡೆಯುವ ಬುದ್ಧಿಯನ್ನೂ, ಅನ್ಯರ ಗುಣವನ್ನು ಕಂಡು ಅಸೂಯೆಯಿಲ್ಲದೆ ಹಿಗ್ಗುವ ಮನಸ್ಸನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.