ಜಿಹ್ವಾಜಯವೂ ಸತ್ಯವೂ

ಹಿತವು ಯಾವುದು, ಅಹಿತವು ಯಾವುದು ಎಂಬುದನ್ನು ಚೆನ್ನಾಗಿ ಬಲ್ಲ ಮನುಷ್ಯನು, ಬಲ್ಲವನಾಗಿದ್ದೂ ಅಹಿತವನ್ನೇ ಆಚರಿಸುವುದೇಕೆ? ಇದು ಬಹು ಪುರಾತನವಾದ ಪ್ರಶ್ನೆ. ನಮ್ಮ ದರ್ಶನಕಾರರೂ, ವೈದ್ಯಶಾಸ್ತ್ರಜ್ಞರೂ, ಯವನ ದೇಶದ ತತ್ತ್ವಜ್ಞರೂ ಇದನ್ನು ಬಗೆಬಗೆಯಾಗಿ ವಿಚಾರಿಸಿರುವರು. ಇಂಥ ಗಹನವಾದ ಪ್ರಶ್ನೆಗೆ ಉದಾಹರಣೆಯಾಗಿ ನಾನು ಚಾಕೊಲೇಟನ್ನು ಆರಿಸಿಕೊಂಡಿರುವೆನೆಂದರೆ ವಾಚಕ ಮಹಾಶಯರು ನಕ್ಕಾರು. ನಗಲಿ. ರಾಜ್ಯಲೋಭ, ಧನಲೋಭ ಮುಂತಾದ ದೊಡ್ಡ ಲೋಭಗಳನ್ನು ಪರೀಕ್ಷಿಸುವ ಅವಕಾಶವು ನಿವೃತ್ತನಾದ ಉಪಾಧ್ಯಾಯನಿಗೆ ಒದಗತಕ್ಕದ್ದಲ್ಲ. ಅವನ ಪಾಲಿಗೆ ಉಳಿದಿರುವ ಪ್ರಯೋಗಶಾಲೆಯೆಂದರೆ ಅವನ ನಾಲಗೆಯೊಂದೇ.

ಮೊದಲು ವಸ್ತುವಿನ ವಿಚಾರ. ಪುತ್ತೂರು ಸೀಮೆಯ ನಮಗೆ ಕೋಕೋ ಮರವು ಅಪರಿಚಿತವಲ್ಲ. ಅಡಕೆ ತೋಟದ ನೆರಳಿನಲ್ಲಿ ಅದು ಬೆಳೆಯುತ್ತದೆ. ಅದರ ಕಾಯಿಗಳು ಕಾಂಡಕ್ಕೇ ಅಂಟಿಕೊಂಡು ತೂಗುತ್ತವೆ. ಹಣ್ಣನ್ನು ಒಡೆದರೆ ಒಳಗೆ ಬಿಳಿಯ ತಿರುಳು, ಅದು ಹುಳಿಸಿಹಿಯಾಗಿರುತ್ತದೆ. ಆದರೆ ಬೀಜವನ್ನು ಕಚ್ಚಿದರೆ ಕಹಿ. ಆ ಕಹಿಬೀಜವನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದು ಅರೆದಾಗ ಚಾಕೊಲೇಟಿನ ಮೂಲದ್ರವ್ಯವಾಗುತ್ತದೆ. ಮೆಕ್ಸಿಕೋ ದೇಶದ ಪ್ರಾಚೀನರು ಇದನ್ನು ಕಹಿಪಾನಕವಾಗಿ ಕುಡಿಯುತ್ತಿದ್ದರು. ಸಸ್ಯಶಾಸ್ತ್ರಜ್ಞನಾದ ಲಿನೇಯಸನು 1753ರಲ್ಲಿ ಈ ಮರಕ್ಕೆ ‘ದೇವತೆಗಳ ಆಹಾರ’ವೆಂಬ ಅರ್ಥ ಬರುವ ಗ್ರೀಕ್ ಹೆಸರನ್ನಿಟ್ಟನು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 1847ರಲ್ಲಿ ತಿನ್ನುವ ಗಟ್ಟಿ ಚಾಕೊಲೇಟು ಸಿದ್ಧವಾಯಿತು. ಅನಂತರ ಸ್ವಿಟ್ಜರ್ಲೆಂಡಿನವರು ಅದಕ್ಕೆ ಹಾಲನ್ನೂ ಕೂಡಿಸಿದರು. ನಮ್ಮ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ 1973ರಲ್ಲಿ ಸ್ಥಾಪಿತವಾಗಿ, 1986ರಲ್ಲಿ ಪುತ್ತೂರಿನಲ್ಲಿಯೇ ಚಾಕೊಲೇಟಿನ ಕಾರ್ಖಾನೆಯನ್ನು ತೆರೆಯಿತು. ಬಾಲ್ಯದಲ್ಲಿ ಬೆಲ್ಲದ ಅಚ್ಚಿನ ಮೂಲೆಯನ್ನು ಕದ್ದು ಮೆಲ್ಲುವುದಕ್ಕಿಂತ ದೊಡ್ಡ ಸಿಹಿಯನ್ನು ಕಾಣದಿದ್ದ ನನ್ನಂಥವನ ಅಂಗಳಕ್ಕೇ ದೇವತೆಗಳ ಆಹಾರವು ನಡೆದು ಬಂದಿತು.

ಕೋಕೋ ಬೀಜದ ಕೊಬ್ಬಿಗೆ ಒಂದು ವಿಶೇಷ ಗುಣವುಂಟು. ನಮ್ಮ ದೇಹದ ಬಿಸುಪಿಗಿಂತ ತುಸು ಕಡಿಮೆಯ ಬಿಸುಪಿನಲ್ಲಿಯೇ ಅದು ಕರಗುತ್ತದೆ. ಆದುದರಿಂದ ಹಲ್ಲಿಗೆ ಕೆಲಸವಿಲ್ಲ. ನಾಲಗೆಯ ಮೇಲಿಟ್ಟ ಕೂಡಲೇ ತಾನಾಗಿ ಇಳಿದುಹೋಗುತ್ತದೆ. ಜಗಿಯುವ ಶ್ರಮವಿದ್ದರೆ ಮನುಷ್ಯನು ‘ಸಾಕು’ ಎಂದು ಹೇಳಲು ಒಂದು ಕ್ಷಣ ದೊರೆಯುತ್ತದೆ. ಇಲ್ಲಿ ಆ ಕ್ಷಣವೂ ಇಲ್ಲ. ಹಾಲು ಬೆರೆಸಿದ ಚಾಕೊಲೇಟಿನ ತೂಕದಲ್ಲಿ ಅರ್ಧದಷ್ಟು ಸಕ್ಕರೆ, ಸುಮಾರು ಮೂರರಲ್ಲೊಂದು ಪಾಲು ಕೊಬ್ಬು. ನೂರು ಗ್ರಾಮಿಗೆ ಐನೂರಕ್ಕೂ ಮಿಕ್ಕಿದ ಕ್ಯಾಲೊರಿ. ಇಪ್ಪತ್ತು ಗ್ರಾಮಿನ ತುಂಡೊಂದನ್ನು ತಿನ್ನಲು ಒಂದು ನಿಮಿಷ ಸಾಕು. ಅದನ್ನು ವ್ಯಯಮಾಡಲು ನನ್ನಂಥವನು ಅರ್ಧ ಗಂಟೆಯಷ್ಟು ನಡೆಯಬೇಕು.

ಇನ್ನು ಸ್ವವಿಷಯ. ಶಾಲೆಯ ಕೆಲಸವು ಮುಗಿದ ಮೇಲೆ ನಡಿಗೆಯು ಕಡಿಮೆಯಾಯಿತು. ದಿನಕ್ಕೆ ನಾಲ್ಕು ತುಂಡು ಚಾಕೊಲೇಟು ಮೆಲ್ಲುವ ಅಭ್ಯಾಸವು ಬೆಳೆಯಿತು. ಕಳೆದ ವರ್ಷ ನನ್ನ ತೂಕವು 84 ಕಿಲೋಗ್ರಾಂ ಆಗಿ, ಮೊಣಕಾಲುಗಳು ದೂರು ಹೇಳತೊಡಗಿದುವು. ವೈದ್ಯರು ರಕ್ತವನ್ನು ಪರೀಕ್ಷಿಸಿ, “ಮಾಷ್ಟ್ರೇ, ನೀವು ಗಡಿಯಲ್ಲಿದ್ದೀರಿ. ದಾಟಿದ ಮೇಲೆ ಮದ್ದು, ದಾಟುವ ಮೊದಲು ಬಾಯಿ,” ಎಂದರು. ಆ ಸಂಜೆ ಮನೆಮಂದಿಯೆಲ್ಲರನ್ನೂ ಕರೆದು, ಇಂದಿನಿಂದ ಸಿಹಿಯನ್ನು ಸಂಪೂರ್ಣವಾಗಿ ವರ್ಜಿಸಿರುವೆನೆಂದು ಘೋಷಿಸಿದೆನು. ಪತ್ನಿಯು ಏನನ್ನೂ ಹೇಳದೆ ಒಳಗೆ ಹೋದಳು. ಏಳು ವರ್ಷದ ಮೊಮ್ಮಗಳು ಮಾತ್ರ, “ಅಜ್ಜ ಋಷಿಯಾದರು,” ಎಂದು ಕೈತಟ್ಟಿದಳು. ಆ ಮಾತು ನನಗೆ ಚಾಕೊಲೇಟಿಗಿಂತ ಸಿಹಿಯಾಗಿತ್ತೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಹತ್ತೊಂಬತ್ತು ದಿನ ವ್ರತವು ನಡೆಯಿತು. ಬಂದವರೆದುರಿಗೆ ಅದರ ವರ್ಣನೆಯೂ ನಡೆಯಿತು. ಇಪ್ಪತ್ತನೆಯ ರಾತ್ರಿ, ನಿದ್ರೆ ಬಾರದೆ ನೀರು ಕುಡಿಯಲೆಂದು ಎದ್ದವನು ಕಪಾಟಿನ ಮುಂದೆ ನಿಂತೆನು. ಮಗಳು ಬೆಂಗಳೂರಿನಿಂದ ತಂದಿದ್ದ ಡಬ್ಬಿಯೊಂದು ಅಲ್ಲಿತ್ತು. ಒಂದು ತುಂಡು ತಿಂದೆನು. ವ್ರತವು ಹೇಗೂ ಭಂಗವಾಯಿತೆಂದು ಎರಡನೆಯದನ್ನು ತಿಂದೆನು. ಹೀಗೆ ಐದಾದುವು. ದೀಪವನ್ನು ಹಚ್ಚಿರಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಮರುದಿನ ಸೊಸೆಯು ಡಬ್ಬಿಯನ್ನು ತೆರೆದು ಎಣಿಸಿ, ಮಗುವನ್ನು ಕರೆದು ಕೇಳಿದಳು. ಮಗುವು, “ನಾನು ತಿನ್ನಲಿಲ್ಲಮ್ಮ,” ಎಂದಿತು. ತಾಯಿ ನಂಬಲಿಲ್ಲ. “ತಿಂದದ್ದಕ್ಕೆ ಬೇಸರವಿಲ್ಲ, ಸುಳ್ಳು ಹೇಳಿದ್ದಕ್ಕೆ ಶಿಕ್ಷೆ,” ಎಂದು ಒಂದು ವಾರ ಸಿಹಿಯನ್ನು ನಿಷೇಧಿಸಿದಳು. ಮಗುವು ಅಳುತ್ತ ನನ್ನ ಕಡೆ ನೋಡಿತು. ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡೆನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಹರಿಶ್ಚಂದ್ರನ ಕಥೆಯನ್ನು ಪಾಠ ಹೇಳಿದವನು ನಾನು.

ಇಲ್ಲಿ ತಪ್ಪು ಯಾವುದು, ಅದು ಎಲ್ಲಿ ಹುಟ್ಟಿತು ಎಂಬುದೇ ಪ್ರಕೃತ ವಿಚಾರ.

ಅರಿತವನು ತಪ್ಪಲಾರನು, ತಪ್ಪಿದನೆಂದರೆ ಅವನು ನಿಜವಾಗಿ ಅರಿತಿರಲಿಲ್ಲ ಎಂಬುದು ಯವನ ತತ್ತ್ವಜ್ಞನಾದ ಸಾಕ್ರೆಟಿಸನ ಪಕ್ಷ. ಅರಿಸ್ಟಾಟಲನಿಗೆ ಇದು ಲೋಕಾನುಭವಕ್ಕೆ ವಿರುದ್ಧವಾಗಿ ತೋರಿತು. ತನ್ನ ನೀತಿಗ್ರಂಥದ ಏಳನೆಯ ಭಾಗದಲ್ಲಿ, ಅರಿವು ಇದ್ದೂ ಕಾಮಾವೇಶದ ಕಾಲದಲ್ಲಿ ಅದು ನಿದ್ರಿತನ ವಿದ್ಯೆಯಂತೆ ನಿರುಪಯೋಗಿಯಾಗುವುದೆಂದು ಅವನು ವಿವರಿಸಿರುವನು. ನಮ್ಮಲ್ಲಿ ದುರ್ಯೋಧನನ ಬಾಯಲ್ಲಿ ಇಟ್ಟಿರುವ ಒಂದು ಪ್ರಸಿದ್ಧ ಶ್ಲೋಕವು ತಾನು ಕೆಟ್ಟದ್ದು ಧರ್ಮವನ್ನರಿಯದೆ ಅಲ್ಲವೆಂಬುದನ್ನೇ ಸಾರುತ್ತದೆ. ಇವೆಲ್ಲಕ್ಕಿಂತಲೂ ನನಗೆ ಉಪಯುಕ್ತವಾಗಿ ತೋರಿದ್ದು ಚರಕಸಂಹಿತೆಯ ‘ಪ್ರಜ್ಞಾಪರಾಧ’ವೆಂಬ ವಿಚಾರ. ಧೀ, ಧೃತಿ, ಸ್ಮೃತಿಗಳೆಂಬ ಮೂರರಲ್ಲಿ ಯಾವುದು ಭ್ರಷ್ಟವಾದರೂ ಮನುಷ್ಯನು ತನಗೆ ತಾನೇ ಅಹಿತವನ್ನು ತಂದುಕೊಳ್ಳುವನೆಂದು ಚರಕನ ಮತ. ಧೀ ಎಂದರೆ ವಸ್ತುವನ್ನು ಇದ್ದಂತೆ ಕಾಣುವ ಬುದ್ಧಿ. ಧೃತಿ ಎಂದರೆ ವಿಷಯದತ್ತ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ. ಸ್ಮೃತಿ ಎಂದರೆ ತಿಳಿದದ್ದು ಬೇಕಾದ ವೇಳೆಗೆ ನೆನಪಿಗೆ ಬರುವುದು.

ಆ ರಾತ್ರಿ ನನ್ನಲ್ಲಿ ಧೀ ಇತ್ತು. ವೈದ್ಯರ ಮಾತನ್ನು ನಾನು ಸಂದೇಹಿಸಿರಲಿಲ್ಲ. ಸ್ಮೃತಿಯೂ ಇತ್ತು, ಇಲ್ಲದಿದ್ದರೆ ದೀಪವನ್ನು ಹಚ್ಚದೆ ಇರುತ್ತಿರಲಿಲ್ಲ. ಧೃತಿಯು ತಪ್ಪಿತು. ಇಷ್ಟು ದೌರ್ಬಲ್ಯ, ಇದಕ್ಕೆ ಕ್ಷಮೆಯುಂಟು. ಆದರೆ ಬೆಳಿಗ್ಗೆ ಮಗುವು ಅಳುವಾಗ ನನ್ನ ನಾಲಗೆಯ ಮೇಲೆ ಚಾಕೊಲೇಟು ಇರಲಿಲ್ಲ. ಆಗ ನನ್ನನ್ನು ಮೌನವಾಗಿರಿಸಿದ್ದು ಯಾವ ಹಸಿವೆ? ‘ಅಜ್ಜ ಋಷಿಯಾದರು’ ಎಂಬ ಹೊಗಳಿಕೆಯನ್ನು ಬಿಡಲಾರದ ಹಸಿವೆ. ಸಿಹಿಯನ್ನು ಬಿಟ್ಟವನು ಬಿಟ್ಟೆನೆಂಬ ಖ್ಯಾತಿಯನ್ನು ಸವಿಯತೊಡಗಿದ್ದನು. ಆ ಖ್ಯಾತಿಯನ್ನು ಉಳಿಸಲು ಒಂದು ಹಸುಳೆಯ ಸತ್ಯವನ್ನು ಬಲಿಕೊಟ್ಟನು. ತಿಂದದ್ದು ಐದು ತುಂಡು. ಅದರ ಸಾಲವನ್ನು ತೀರಿಸಿದವಳು ಅವಳು.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಉಪವಾಸಿಯ ವಿಷಯವಾಗಿ ಒಂದು ಎಚ್ಚರಿಕೆಯುಂಟು. ಹೊರಗಿನ ವಸ್ತುವನ್ನು ದೂರವಿಟ್ಟ ಮಾತ್ರಕ್ಕೆ ಒಳಗಿನ ವಾಸನೆಯು ಅಳಿಯಿತೆಂದು ನಂಬಬಾರದೆಂಬುದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಇದಕ್ಕೆ ಭಾಷ್ಯವನ್ನು ಕಂಠಪಾಠ ಮಾಡಿದ್ದೆನು; ಅರ್ಥವು ತಿಳಿದದ್ದು ಕಪಾಟಿನ ಮುಂದೆ.

ಹಾಗಾದರೆ ಸಂಪೂರ್ಣ ತ್ಯಾಗವೇ ತಪ್ಪೇ ಎಂದು ಕೆಲವರು ಕೇಳಬಹುದು. ಹಾಗೆ ಹೇಳಲಾರೆನು. ಮದ್ಯದಂಥ ವಸ್ತುವಿಗೆ ದಾಸರಾದವರು ಅನೇಕರಿಗೆ ಒಂದು ತೊಟ್ಟೂ ಅಪಾಯ. ಅಂಥವರಿಗೆ ಪೂರ್ಣವರ್ಜನೆಯೇ ದಾರಿ. ಸಿಹಿಯ ವಿಷಯದಲ್ಲಿಯೂ ಕೆಲವರಿಗೆ ಸ್ವಲ್ಪ ತಿನ್ನುವುದಕ್ಕಿಂತ ತಿನ್ನದಿರುವುದೇ ಸುಲಭ. ಒಬ್ಬೊಬ್ಬರು ತಮ್ಮ ಪ್ರಕೃತಿಯನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ನಾನು ಹೇಳುವುದಿಷ್ಟೇ: ಯಾವ ನಿಯಮವು ಮುರಿದಾಗ ಅದನ್ನು ಬಚ್ಚಿಡಬೇಕೆಂದು ತೋರುವುದೋ, ಆ ನಿಯಮದಲ್ಲಿ ನಿಗ್ರಹಕ್ಕಿಂತ ಅಭಿಮಾನವು ಹೆಚ್ಚಾಗಿ ಬೆರೆತಿದೆಯೆಂದು ತಿಳಿಯತಕ್ಕದ್ದು.

ಮೂರನೆಯ ದಿನ ಊಟದ ಪಂಕ್ತಿಯಲ್ಲಿ ನಾನು ನಿಜವನ್ನು ಹೇಳಿದೆನು. ಸೊಸೆಯು ಕಣ್ಣೀರು ತಂದುಕೊಂಡು, “ಮಾವ, ನನಗಾದರೂ ಹೇಳಬಾರದಿತ್ತೇ?” ಎಂದಳು. ಪತ್ನಿಯು, “ನನಗೆ ಆ ರಾತ್ರಿಯೇ ಗೊತ್ತಿತ್ತು, ನೀವಾಗಿ ಹೇಳುವಿರೋ ಎಂದು ಕಾದಿದ್ದೆ,” ಎಂದಳು. ಮಗುವು ಮಾತ್ರ ಏನನ್ನೂ ಹೇಳದೆ ಎದ್ದುಹೋಯಿತು. ದೊಡ್ಡವರು ಕ್ಷಮಿಸಿದಷ್ಟು ಬೇಗ ಮಕ್ಕಳು ಕ್ಷಮಿಸುವರೆಂಬ ಮಾತು ಎಲ್ಲ ಕಾಲಕ್ಕೂ ನಿಜವಲ್ಲ.

ಅನಂತರ ನಾನು ಹಿಡಿದ ದಾರಿಯೂ ಚರಕನದೇ. ಅಭ್ಯಾಸವಾಗಿಹೋದ ಅಹಿತವನ್ನು ಒಮ್ಮೆಲೇ ಕಿತ್ತೊಗೆಯದೆ, ಕಾಲುಭಾಗ ಕಾಲುಭಾಗವಾಗಿ, ನಡುವೆ ದಿನಗಳ ಅಂತರವಿಟ್ಟು ಬಿಡಬೇಕೆಂದೂ, ತೆರವಾದ ಎಡೆಯಲ್ಲಿ ಹಿತವನ್ನು ಅದೇ ಕ್ರಮದಿಂದ ತುಂಬಬೇಕೆಂದೂ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಅವನು ವಿಧಿಸಿರುವನು. ಹಾಗೆಯೇ ನಾಲ್ಕು ತುಂಡನ್ನು ಮೂರು ಮಾಡಿದೆನು. ಕೆಲವು ದಿನಗಳ ಮೇಲೆ ಎರಡು. ಮತ್ತೆ ಕೆಲವು ದಿನಗಳ ಮೇಲೆ ಒಂದು. ತೆರವಾದ ಎಡೆಗೆ ಒಂದು ಲೋಟ ಮಜ್ಜಿಗೆ, ತೋಟದ ತುದಿಯವರೆಗೆ ಎರಡು ಸಲ ನಡಿಗೆ. ಈಗ ಹತ್ತು ಗ್ರಾಮಿನ ಒಂದೇ ತುಂಡು. ಅದರಲ್ಲಿ ಸಕ್ಕರೆ ಸುಮಾರು ಐದು ಗ್ರಾಂ. ಆಹಾರಕ್ಕೆ ಹೊರಗಿನಿಂದ ಸೇರುವ ಸಕ್ಕರೆಯು ದಿನದ ಒಟ್ಟು ಕ್ಯಾಲೊರಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕು, ಇಪ್ಪತ್ತನೆಯ ಒಂದು ಪಾಲಿಗಿಳಿದರೆ ಮತ್ತೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದೆ. ಕಾಫಿಯ ಸಕ್ಕರೆಯನ್ನೂ ಲೆಕ್ಕ ಹಿಡಿದು ನಾನು ಆ ಮೇರೆಯೊಳಗೆ ಇದ್ದೇನೆ. ಇದರ ಜೊತೆಗೆ ಚರಕನಲ್ಲಿ ಇಲ್ಲದ ಒಂದು ನಿಯಮವನ್ನು ನಾನೇ ಸೇರಿಸಿಕೊಂಡೆನು: ಆ ತುಂಡನ್ನು ಹಗಲಿನಲ್ಲಿ, ಚಾವಡಿಯಲ್ಲಿ ಕುಳಿತು, ಎಲ್ಲರೂ ಕಾಣುವಂತೆ ತಿನ್ನತಕ್ಕದ್ದು. ಬೆಳಕಿನಲ್ಲಿ ತಿಂದ ಒಂದು ತುಂಡು ಕತ್ತಲೆಯ ಐದಕ್ಕಿಂತ ಹೆಚ್ಚು ತೃಪ್ತಿಕರವಾಗಿರುವುದನ್ನು ಅನುಭವದಿಂದ ಕಂಡಿರುವೆನು. ಎಂಟು ತಿಂಗಳಲ್ಲಿ ಐದು ಕಿಲೋಗ್ರಾಂ ಇಳಿದಿದೆ. ಹೆಮ್ಮೆಪಡುವ ಸಂಖ್ಯೆಯಲ್ಲ, ಮೊಣಕಾಲಿಗೆ ಸಾಕು.

ಒಂದು ಮಾತನ್ನು ಹೇಳದೆ ಮುಗಿಸಬಾರದು. ಸ್ಥೂಲದೇಹವನ್ನು ಕಂಡ ಕೂಡಲೇ ‘ನಾಲಗೆಯ ಚಪಲದವನು’ ಎಂದು ತೀರ್ಮಾನಿಸುವ ಪದ್ಧತಿಯು ನಮ್ಮಲ್ಲಿ ಬೇರೂರಿದೆ. ಚರಕನು ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿರುವನು. ಸ್ಥೌಲ್ಯಕ್ಕೆ ಆಹಾರಾದಿಗಳ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ಹುಟ್ಟಿನಿಂದ ಬಂದದ್ದನ್ನೂ, ಕಾರಣವಾಗಿ ಎಣಿಸಿರುವನು. ಇಂದಿನ ವೈದ್ಯರೂ ಇದನ್ನು ಒಪ್ಪುವರು. ತೂಕದ ಯಂತ್ರವು ದೇಹವನ್ನು ತೂಗಬಲ್ಲದು, ಶೀಲವನ್ನು ತೂಗಲಾರದು. ತೆಳ್ಳಗಿದ್ದೂ ಮೊಮ್ಮಗಳನ್ನು ಅಳಿಸಬಹುದಾಗಿತ್ತು.

ಆಸೆಯು ಬರುವುದು ಪಾಪವಲ್ಲ. ಜೀವವಿರುವವರೆಗೆ ಅದು ಬರುತ್ತಲೇ ಇರುವುದು. ಭಾಗವತದ ಅವಧೂತನು ಗಾಳದ ಮೀನನ್ನೂ ತನ್ನ ಗುರುಗಳಲ್ಲಿ ಎಣಿಸಿ, ಜಿಹ್ವೆಯನ್ನು ಗೆಲ್ಲುವುದು ಉಳಿದ ಇಂದ್ರಿಯಗಳನ್ನು ಗೆಲ್ಲುವುದಕ್ಕಿಂತ ಕಠಿನವೆಂದು ಕಂಡುಕೊಂಡನು. ಆ ಜಿಹ್ವೆಗೆ ಎರಡು ಕೆಲಸಗಳಿವೆ: ಸವಿಯುವುದು ಮತ್ತು ನುಡಿಯುವುದು. ಮೊದಲನೆಯದರಲ್ಲಿ ಸೋತವನು ಎರಡನೆಯದರಲ್ಲಾದರೂ ನಿಂತರೆ ಅವನಿಗೆ ಮರಳುವ ದಾರಿಯುಂಟು. ಎರಡನೆಯದರಲ್ಲಿ ಸೋತವನಿಗೆ ಮೊದಲನೆಯದರ ಗೆಲುವಿನಿಂದ ಆಗುವ ಪ್ರಯೋಜನವು ಸ್ವಲ್ಪ.

ಈಗ ಸಂಜೆಯ ಆ ತುಂಡನ್ನು ಡಬ್ಬಿಯಿಂದ ತೆಗೆದುಕೊಡುವ ಅಧಿಕಾರವು ಮೊಮ್ಮಗಳದು. ಕೊಡುವಾಗ ಅವಳು ಉಳಿದವುಗಳನ್ನು ಎಣಿಸಿ, ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಾಳೆ. ಅದು ನನ್ನ ಮೇಲಿನ ಅಪನಂಬಿಕೆಯೆಂದು ಮೊದಮೊದಲು ನೊಂದುಕೊಳ್ಳುತ್ತಿದ್ದೆನು. ಅದು ನನಗೆ ನ್ಯಾಯವಾಗಿಯೇ ಸಂದದ್ದೆಂದು ಈಗ ತಿಳಿದು, ಅವಳೊಡನೆ ನಾನೂ ಎಣಿಸುತ್ತೇನೆ.