ಶಯನಕಾಲದ ಕಥಾಶ್ರವಣ

ದಿನದ ಕಾಯಕವು ಮುಗಿದು ದೀಪವಾರಿಸಿದ ಮೇಲೆಯೂ ಕಣ್ಣು ಮುಚ್ಚದಿರುವುದು ಇಂದು ಅನೇಕ ಗೃಹಸ್ಥರ ಸಂಕಟವಾಗಿದೆ. ಸಂಡೂರಿನ ಅದಿರುಗಣಿಗಳ ಸೀಮೆಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ದುಡಿದು ಬಂದವರಿಗೆ ಹಗಲೇ ರಾತ್ರಿ. ಸಾಲ, ಬೆಳೆ, ಮಕ್ಕಳ ಮದುವೆಯ ಚಿಂತೆ ಹೊತ್ತವರಿಗೆ ರಾತ್ರಿಯೂ ಹಗಲೇ. ಇಂಥವರಲ್ಲಿ ಕೆಲವರು ಮೊಬೈಲಿನಲ್ಲಿ ಮೆಲುದನಿಯ ಕಥೆಯೊಂದನ್ನು ಹಚ್ಚಿ ಮಲಗುವುದುಂಟು. ಅಮೆರಿಕೆಯ ‘ಕಾಮ್’ ಎಂಬ ಸಂಸ್ಥೆಯು ವಯಸ್ಕರಿಗೆಂದೇ ಇಂಥ ನಿದ್ರಾಕಥೆಗಳನ್ನು 2016ರಲ್ಲಿ ಹೊರತಂದಿತು. ಇವುಗಳಲ್ಲಿ ಕಲಹವಿಲ್ಲ, ಕುತೂಹಲ ಕೆರಳಿಸುವ ತಿರುವಿಲ್ಲ. ಕೇಳುವವನು ಮುಕ್ತಾಯಕ್ಕೆ ಮುನ್ನವೇ ನಿದ್ರಿಸಲೆಂದು ಇವು ರಚಿತವಾಗುತ್ತವೆ. ಬೆಳೆದವರು ಮಕ್ಕಳಂತೆ ಕಥೆ ಕೇಳಿ ಮಲಗುವುದು ಶರಣಧರ್ಮಕ್ಕೆ ಸಮ್ಮತವೇ ಎಂಬುದು ವಿಚಾರಣೀಯ.

ಕಥೆಯನ್ನು ಕಿವಿಗೆ ಒಪ್ಪಿಸುವುದು ಈ ನಾಡಿಗೆ ಹೊಸತಲ್ಲ. ಹಂಪೆಯ ಹರಿಹರನು ವಿರೂಪಾಕ್ಷನ ಸನ್ನಿಧಿಯಲ್ಲಿ ಶರಣರ ಚರಿತೆಗಳನ್ನು ರಗಳೆಗಳಾಗಿ ಹಾಡಿದನು. ರಗಳೆಯ ಸಾಲುಗಳು ನಿಲ್ಲದೆ ಹರಿಯುವವು. ಪಂಡಿತರ ಓದಿಗಿಂತ ಭಕ್ತರ ಕಿವಿಗೆ ಅವು ಹತ್ತಿರ. ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿದನೆಂಬ ಕುಂಬಾರ ಗುಂಡಯ್ಯನ ಕಥೆಯನ್ನು ದಣಿದ ಜೀವವೊಂದು ಕೇಳಿದರೆ, ತನ್ನ ಕಾಯಕವೂ ವ್ಯರ್ಥವಲ್ಲವೆಂಬ ನೆಮ್ಮದಿ ಅದಕ್ಕೆ ದೊರೆಯದೆ ಇರದು.

ಆದರೆ ಶರಣರ ಕಥೆ ಕೇಳುತ್ತ ನಿದ್ರಿಸುವುದು ಅನಾದರವಲ್ಲವೇ ಎಂದು ಕೆಲವರು ಕೇಳಬಹುದು. ಶ್ರಾವಣದ ಪುರಾಣದಲ್ಲಿ ಕುಳಿತು ತೂಕಡಿಸುವುದು ದೋಷವೇ ಸರಿ. ಅಲ್ಲಿನ ಶ್ರವಣವು ಎಚ್ಚರಕ್ಕಾಗಿ ಇರುವುದು. ಶಯ್ಯೆಯ ಮೇಲಿನ ಶ್ರವಣವು ವಿಶ್ರಾಂತಿಗಾಗಿ. ಷಟ್‌ಸ್ಥಲ ಶಾಸ್ತ್ರದಲ್ಲಿ ಕಿವಿಯು ಪ್ರಸಾದಲಿಂಗದ ಸ್ಥಾನ. ಶಬ್ದವು ಅದಕ್ಕೆ ಅರ್ಪಿತವಾಗುವ ಪದಾರ್ಥ. ಹಗಲೆಲ್ಲ ಬೈಗುಳ, ಚಾಡಿ, ಬೆಲೆಯ ಚೌಕಾಸಿಗಳನ್ನು ಕೇಳಿದ ಕಿವಿಗೆ ದಿನದ ಕಡೆಯ ಶಬ್ದವಾದರೂ ಶುದ್ಧವಾಗಿರಲೆಂಬುದು ಅನಾದರವಲ್ಲ, ಅರ್ಪಣವೇ ಆಗಿದೆ.

ಇನ್ನು ಕಥೆಯನ್ನು ಬರೆಯುವವನ, ಹೇಳುವವನ ಪಾಡನ್ನು ನೋಡಬೇಕು. ಸಾಮಾನ್ಯವಾಗಿ ಮಾತುಗಾರನು ಜನರು ಎಚ್ಚರವಿದ್ದು ತನ್ನನ್ನು ಮೆಚ್ಚಲೆಂದು ಬಯಸುತ್ತಾನೆ. ನಿದ್ರೆಗಾಗಿ ಕಥೆ ಹೇಳುವವನಿಗಾದರೋ ತನ್ನ ಮಾತು ಪೂರ್ತಿ ಕೇಳಿಸದೆ ಹೋಗುವುದೇ ಸಾರ್ಥಕ್ಯ. ಅವನ ಚಮತ್ಕಾರಕ್ಕೆ ಚಪ್ಪಾಳೆಯಿಲ್ಲ. ಅವನ ಮುಕ್ತಾಯಕ್ಕೆ ಸಾಕ್ಷಿಯಿಲ್ಲ. ನೀಡಿದೆನೆಂಬ ಅಹಂಕಾರವಿಲ್ಲದ ನೀಡಿಕೆಯೇ ದಾಸೋಹವಾದರೆ, ಕಾಯಿಲೆಯ ಅತ್ತೆಯ ಬಳಿ ಕುಳಿತು ಆಕೆ ಮಲಗುವವರೆಗೂ ಕಥೆ ಹೇಳುವ ಸೊಸೆಯದು ದಾಸೋಹವಲ್ಲದೆ ಮತ್ತೇನು?

ಆದರೂ ಇಲ್ಲೊಂದು ಅಪಾಯವಿದೆ. ನಿದ್ರೆ ಬಾರದಿರುವುದಕ್ಕೆಲ್ಲ ದಣಿವೇ ಕಾರಣವಲ್ಲ. ಆಳಿನ ಕೂಲಿಯನ್ನು ಹಿಡಿದಿಟ್ಟವನಿಗೂ, ತಕ್ಕಡಿಯಲ್ಲಿ ಮೋಸ ಮಾಡಿದವನಿಗೂ, ಒಡಹುಟ್ಟಿದವನ ಪಾಲನ್ನು ನುಂಗಿದವನಿಗೂ ರಾತ್ರಿ ಕಣ್ಣು ಹತ್ತುವುದಿಲ್ಲ. ಆ ಎಚ್ಚರವು ರೋಗವಲ್ಲ. ಅಂತರಂಗದ ಅರಿವೇ ಗುರುವಾಗಿ ಬಾಗಿಲು ತಟ್ಟುವ ಸದ್ದು. ಆ ಸದ್ದನ್ನು ಇಂಪಾದ ಕಥೆಯಿಂದ ಅಡಗಿಸಿದವನು ನಿದ್ರೆಯನ್ನು ಪಡೆಯುವುದಿಲ್ಲ, ಮರವೆಯನ್ನು ಕೊಳ್ಳುತ್ತಾನೆ. ಅಂಥವನಿಗೆ ಬೇಕಾದುದು ಕಥೆಯಲ್ಲ. ಬೆಳಗಾದೊಡನೆ ಆ ಕೂಲಿಯನ್ನು ಸಲ್ಲಿಸುವ ಸಂಕಲ್ಪ.

ಹರಿಹರನು ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದು, ಲೆಕ್ಕದ ಉದ್ಯೋಗವನ್ನು ಬಿಟ್ಟು ಹಂಪೆಗೆ ಬಂದನೆಂಬುದು ಪರಂಪರೆಯ ನುಡಿ. ಅರಸನ ಲೆಕ್ಕವನ್ನು ಬಿಡಬಹುದು. ತನ್ನ ಲೆಕ್ಕವನ್ನು ಬಿಡಲಾಗದು. ಆದುದರಿಂದ ಸದ್ಭಕ್ತನು ಮಲಗುವ ಮುನ್ನ ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ನೆನೆದು, ದಿನದಲ್ಲಿ ಯಾರಿಗೆ ಏನು ಬಾಕಿಯಾಯಿತೆಂದು ಮೊದಲು ವಿಚಾರಿಸಲಿ. ಬಾಕಿಯನ್ನು ತೀರಿಸುವ ನಿಶ್ಚಯ ಮಾಡಿದ ಬಳಿಕ ಕಥೆಯನ್ನು ಕೇಳಲಿ. ಕಥೆಯ ನಡುವೆಯೇ ನಿದ್ರೆ ಬಂದರೆ ಸಂಕೋಚ ಬೇಡ. ಕಾಯಕ ಮಾಡಿದ ದೇಹಕ್ಕೆ ಆ ನಿದ್ರೆಯೂ ಪ್ರಸಾದವೇ.