ನಾವು ಉಳಿಸಿದ ಮರಿಗಳಿಗೆ ಯಾರು ದಿಕ್ಕು?

ನಿಮ್ಮ ಮನೆಯಲ್ಲಿ ಗಾಜಿನ ತೊಟ್ಟಿಯಿದ್ದು, ಅದರಲ್ಲಿ ಗಪ್ಪಿ ಮೀನುಗಳಿದ್ದರೆ, ಮಕ್ಕಳು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಅಮ್ಮ ಮೀನು ತನ್ನ ಮರಿಗಳನ್ನೇ ಯಾಕೆ ತಿನ್ನುತ್ತೆ?" ಗಪ್ಪಿ ಮೊಟ್ಟೆಯಿಡುವ ಮೀನಲ್ಲ. ಸುಮಾರು ನಾಲ್ಕು ವಾರಕ್ಕೊಮ್ಮೆ 20, 30, ಕೆಲವೊಮ್ಮೆ ಅದಕ್ಕೂ ಹೆಚ್ಚು ಜೀವಂತ ಮರಿಗಳನ್ನೇ ಹಾಕುತ್ತದೆ. ಹಾಕಿದ ಕೆಲವೇ ಗಳಿಗೆಗಳಲ್ಲಿ ಅವುಗಳ ಬೆನ್ನಟ್ಟಿ ನುಂಗಲೂ ತೊಡಗುತ್ತದೆ.

ಮಗುವಿನ ಪ್ರಶ್ನೆಯನ್ನು ತೇಲಿಸಿಬಿಡಬೇಡಿ. ತಾಯಿ ಮೀನಿನ ಮೇಲೆ ಪಾಪವನ್ನೂ ಹೊರಿಸಬೇಡಿ. ಅದಕ್ಕೆ ಇದು ತನ್ನ ಮರಿ ಎಂಬ ಅರಿವಿಲ್ಲ. ಅಷ್ಟು ಸಣ್ಣದಾಗಿ ಕಣ್ಣೆದುರು ಮಿಸುಕಾಡುವುದೆಲ್ಲ ಅದಕ್ಕೆ ಆಹಾರ. ಹರಿಯುವ ತೊರೆಯಲ್ಲಾದರೆ ತಾಯಿ ತನ್ನ ಪಾಡಿಗೆ ಮುಂದೆ ಸಾಗುತ್ತಿತ್ತು, ಮರಿಗಳಲ್ಲಿ ಕೆಲವಾದರೂ ಕಳೆಗಿಡಗಳ ಬುಡದಲ್ಲಿ ಅಡಗುತ್ತಿದ್ದವು. ಇಬ್ಬರನ್ನೂ ಎರಡಡಿ ಗಾಜಿನೊಳಗೆ ಕೂಡಿಹಾಕಿದವರು ನಾವು.

ಹಾಗಾದರೆ ಆ ಮರಿಗಳನ್ನು ಉಳಿಸುವುದು ನಮ್ಮ ಕರ್ತವ್ಯವೇ? ಹೌದು ಎಂದು ಥಟ್ಟನೆ ಹೇಳಿಬಿಡಬಹುದು, ಉಪಾಯಗಳೂ ಕಷ್ಟದವಲ್ಲ. ತೊಟ್ಟಿಯಲ್ಲಿ ಹೈಡ್ರಿಲ್ಲಾದಂಥ ಗಿಡ ದಟ್ಟವಾಗಿರಲಿ. ಮರಿಗಳಿಗೆ ಬೇರೆಯೇ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸ್ಪಂಜಿನ ಫಿಲ್ಟರ್ ಹಾಕಿ, ಬೇರೆ ಫಿಲ್ಟರ್ ಮರಿಯನ್ನೇ ಒಳಗೆಳೆದುಕೊಂಡೀತು. ಒಣ ಆಹಾರವನ್ನು ಬೆರಳಲ್ಲಿ ಪುಡಿಮಾಡಿ ದಿನಕ್ಕೆ ಮೂರ್ನಾಲ್ಕು ಸಲ ಚಿಟಿಕೆಯಷ್ಟೇ ಹಾಕಿ. ತಾಯಿಯ ಬಾಯಿಂದ ಪಾರಾದ ಮರಿಗಳನ್ನು ಆಮೇಲೆ ಕೊಲ್ಲುವುದು ಹೆಚ್ಚಾಗಿ ನಮ್ಮ ಅತಿಪ್ರೀತಿ. ಪಾಪ, ಹಸಿದಿವೆ ಎಂದು ಸುರಿದ ಮೊಟ್ಟೆಯ ಹಳದಿ ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ಮರಿಗಳು ಮಾತ್ರ ಒಂದೊಂದಾಗಿ ತೇಲುತ್ತವೆ. ಕೆಲವು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ಹಾಕಬೇಕು.

ಇಷ್ಟೆಲ್ಲ ಮಾಡಿದಿರಿ, 30 ಮರಿ ಉಳಿದವು. ನಿಜವಾದ ಪ್ರಶ್ನೆ ಈಗ ಬರುತ್ತದೆ. ಎರಡು ಮೂರು ತಿಂಗಳಲ್ಲಿ ಅವೂ ಮರಿ ಹಾಕುತ್ತವೆ. ತಾಯಿಯೋ, ಒಮ್ಮೆ ಕೂಡಿದರೆ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು ಸೂಲಿನ ಮೇಲೆ ಸೂಲು ಹೆರಬಲ್ಲದು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸಂತಾನವೃದ್ಧಿಯ ಆಶೀರ್ವಾದ ಮನುಷ್ಯನಿಗಿಂತ ಮುಂಚೆಯೇ ಮೀನುಗಳಿಗೂ ಹಕ್ಕಿಗಳಿಗೂ ದೊರೆಯಿತು. ಆದರೆ ಮೀನುಗಳಿಗೆ ತುಂಬಲು ಸರ್ವೇಶ್ವರ ಕೊಟ್ಟದ್ದು ಸಮುದ್ರವನ್ನು!

ಅನೇಕರು ಇಲ್ಲಿಯೇ ಸುಲಭದ ದಾರಿ ಹಿಡಿಯುತ್ತಾರೆ: ಊರ ಕೆರೆಗೆ ಬಿಟ್ಟುಬಿಡುವುದು. ಬಿಡುಗಡೆ ಮಾಡಿದೆವು ಎಂಬ ಪುಣ್ಯಭಾವ ಬೇರೆ. ಮಾರುಕಟ್ಟೆಯಲ್ಲಿ ಜಿಲೇಬಿ ಮೀನು ಎನ್ನುತ್ತೇವಲ್ಲ, ಆ ತಿಲಾಪಿಯಾ ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದರು. ಅದರ ತಾಯ್ತನ ಅಚ್ಚರಿಯದು. ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳು ಮತ್ತೆ ತಾಯಿಯ ಬಾಯಿ ಹೊಗುತ್ತವೆ. ಅಂಥ ಒಳ್ಳೆಯ ತಾಯಿಯಾದ್ದರಿಂದಲೇ ಅದು ನಮ್ಮ ಕೆರೆಗಳಲ್ಲಿ ಹಬ್ಬಿ ನಾಡ ಮೀನುಗಳ ಜಾಗ ಕಸಿಯಿತು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ದಕ್ಷಿಣ ಅಮೆರಿಕದ ಸಕ್ಕರ್ ಮೀನೂ ಮನೆಯ ತೊಟ್ಟಿಗಳಿಂದಲೇ ನಮ್ಮ ನೀರುಗಳಿಗೆ ಇಳಿದಿದೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡುತ್ತಾರಲ್ಲ ಎಂದು ನೀವು ಕೇಳಬಹುದು. ಅದು ಇಲಾಖೆ ಆಯ್ದ ನೀರಿನಲ್ಲಿ ಮಾಡುವ ಕೆಲಸ, ಅದರ ಬಗ್ಗೆಯೂ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನಮ್ಮ ಮನೆಯಲ್ಲಿ ಹೆಚ್ಚಾದದ್ದನ್ನು ಊರ ಕೆರೆಯ ಮೇಲೆ ಹೇರಲು ಅದು ಅಪ್ಪಣೆಯಲ್ಲ.

ಪ್ರಾಣಿಗಳನ್ನು ಅನಗತ್ಯವಾಗಿ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಬಡವರ ಕಷ್ಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತರವಲ್ಲವೆಂದು ಅಲ್ಲೇ ಸೇರಿಸುತ್ತದೆ. ಹಾಗಾಗಿ ಪ್ರತಿ ಮರಿಯನ್ನೂ ಉಳಿಸಲೇಬೇಕೆಂಬ ಹಟ ಬೇಡ ಎಂಬುದೇ ನನ್ನ ಅಭಿಪ್ರಾಯ. ಗಿಡಗಳ ಮರೆ ಒದಗಿಸಿ, ಉಳಿದಷ್ಟು ಉಳಿಯಲಿ ಎಂದು ಬಿಟ್ಟವನು ಕ್ರೂರಿಯಲ್ಲ. 30ನ್ನೂ ಉಳಿಸಿ, ಆಮೇಲೆ ಇಕ್ಕಟ್ಟಿನ ಕೊಳಕು ನೀರಿನಲ್ಲಿ ಸಾಯಬಿಟ್ಟವನನ್ನು ದಯಾಳು ಎನ್ನಲು ನನಗೆ ಮನಸ್ಸಾಗದು. ಉಳಿಸುವ ಕೈಯೇ ಸಾಕುವ ಕೈಯೂ ಆಗಬೇಕು. ಮರಿಯೇ ಬೇಡವಾದರೆ ಗಂಡುಗಳನ್ನಷ್ಟೇ ಸಾಕಿ. ಹೇಗೂ ಬಣ್ಣವೆಲ್ಲ ಇರುವುದು ಅವಕ್ಕೇ.

ಮರಿ ಬೇಕೆಂದು ನಿರ್ಧರಿಸಿದವರು ಹೆಣ್ಣನ್ನು ತರುವ ಮುನ್ನವೇ ಜಾಗ ಎಣಿಸಲಿ. ಎಷ್ಟನ್ನು ತಾವೇ ಸಾಕಬಲ್ಲೆವು, ಎಷ್ಟನ್ನು ಅಂಗಡಿಯವರು ತೆಗೆದುಕೊಂಡಾರು, ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ತೊಟ್ಟಿಯಿದೆ? ಪಕ್ಕದ ಮನೆಯ ಹುಡುಗ ಜಾಮ್ ಬಾಟಲಿ ಹಿಡಿದು ಮರಿ ಕೇಳಲು ಬಂದರೆ ಬರಿಗೈಯಲ್ಲಿ ಕಳುಹಿಸುವುದು ಕಷ್ಟವೇ. ಆದರೂ ಬಾಟಲಿಗೆ ಹಾಕಿಕೊಡಬೇಡಿ. ಅಪ್ಪನಿಗೆ ಹೇಳಿ ತೊಟ್ಟಿ ಸಿದ್ಧಮಾಡಿಕೊಂಡು ಬಾ ಎನ್ನಿ. ಅಷ್ಟರಲ್ಲಿ ಮರಿಗಳೂ ಇನ್ನಷ್ಟು ಬಲಿತಿರುತ್ತವೆ.